ನಿಲ್ಲದ ಗಡಿಯಾರ, ಧನುರ್ಮಾಸದ ಮದುವೆ

ಧನುರ್ಮಾಸದಲ್ಲಿ ಮಗನ ಮದುವೆ ಇಟ್ಟುಕೊಳ್ಳುವ ಎದೆಗಾರಿಕೆ ಮೇಲೂರಿನಲ್ಲಿ ಯಾರಿಗಾದರೂ ಇದ್ದರೆ ಅದು ಕೊಂಡಪ್ಪನಿಗೆ. ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲಿ ಮೂವತ್ತೆರಡು ವರ್ಷ ಕಂಟ್ರೋಲರ್ ಆಗಿ ಕೂತು, ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟು ನಿಮಿಷ ತಡವಾಗಿ ಹೊರಟಿತು ಎಂದು ಬರೆದು ಬರೆದು ನಿವೃತ್ತನಾದ ಮನುಷ್ಯ. ಮಗಳು ಹುಟ್ಟಿದ ವರ್ಷವೇ ಬೌದ್ಧನಾದವನು. ರಾಹುಕಾಲ, ಶೂನ್ಯಮಾಸ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, “ರಾಹುಕಾಲಕ್ಕೂ ಬಸ್ ಬಿಟ್ಟಿದೀನಿ ಕಣಯ್ಯ, ಒಂದೂ ಪಲ್ಟಿ ಹೊಡೀಲಿಲ್ಲ” ಎನ್ನುತ್ತಿದ್ದ.

ಅವನ ಲೆಕ್ಕವೂ ಸುಳ್ಳಲ್ಲ ಅನ್ನಿ. ಧನುರ್ಮಾಸದಲ್ಲಿ ಗೌರಿಬಿದನೂರಿನ ಛತ್ರಗಳ ಒಲೆಯಲ್ಲಿ ಬೆಕ್ಕು ಮಲಗಿರುತ್ತದೆ. ಕೇಳಿದ ದಿನ ಕೇಳಿದ ಛತ್ರ ಸಿಕ್ಕಿತು. ಜನವರಿ ನಾಲ್ಕು, ಭಾನುವಾರ. ಚಿಂತಾಮಣಿಯ ಟೊಮೇಟೊ ಮಂಡಿಯಲ್ಲಿ ಕೆಲಸ ಮಾಡುವ ಮಗ ಸುನೀಲ್‌ಗೆ ಗೌರಿಬಿದನೂರಿನ ರೂಪ. ಹುಡುಗಿ ಕುಡುಮಲಕುಂಟೆಯ ಗಾಜಿನ ಬಾಟಲಿ ಕಾರ್ಖಾನೆಯಲ್ಲಿ ತಪಾಸಣೆಯವಳು. ತಾಯಿಯಿಲ್ಲದ ಅವಳನ್ನು ಸಾಕಿದ್ದು ಸೋದರತ್ತೆ ರಾಮಲಕ್ಷ್ಮಮ್ಮ. ಆಯಮ್ಮ ಧನುರ್ಮಾಸಕ್ಕೆ ಹೂಂ ಅಂದದ್ದೇ ದೊಡ್ಡದು. ಅದೂ ಒಂದು ಷರತ್ತಿನ ಮೇಲೆ.

“ಮುಹೂರ್ತ ಬೇಡ ಅಂದ್ರಿ, ಆಯ್ತು. ಹೋಮ ಬೇಡ ಅಂದ್ರಿ, ಅದೂ ಆಯ್ತು. ಆದರೆ ನಮ್ಮ ಹುಡುಗಿ ನಿಮ್ಮ ಹೊಸಿಲು ದಾಟೋವಾಗ ನಾದಿನಿ ಬಾಗಿಲು ತಡೀಬೇಕು. ಗಂಡನ ಹೆಸರು ಹೇಳಿಸಿ, ಹೆಣ್ಣು ಹುಟ್ಟಿದ್ರೆ ನನಗೆ ಕೊಡ್ತೀಯಾ ಅಂತ ಕೇಳಬೇಕು. ನಾದಿನಿ ತಡೀದ ಮನೆಗೆ ಹೆಣ್ಣು ಕಳಿಸೋದು ನಮ್ಮಲ್ಲಿಲ್ಲ.”

“ಅಷ್ಟೇ ತಾನೇ? ನಮ್ಮ ಸಂಘಮಿತ್ರ ಇದಾಳಲ್ಲ, ತಡೀತಾಳೆ ಬಿಡಿ” ಎಂದುಬಿಟ್ಟ ಕೊಂಡಪ್ಪ. ಮಗಳನ್ನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ.

ಕೊಂಡಪ್ಪನ ಹೆಂಡತಿ ಲಕ್ಷ್ಮಿದೇವಮ್ಮನಿಗೆ ಆಗಲೇ ಒಳಗೊಳಗೇ ಕಸಿವಿಸಿಯಾಗಿತ್ತು. ಶಿಡ್ಲಘಟ್ಟದ ಸಾದಿಕ್ ಪಾಷಾ ಅವರ ರೇಷ್ಮೆ ಘಟಕದಲ್ಲಿ ಇಪ್ಪತ್ತಾರು ವರ್ಷದಿಂದ ನೂಲು ತೆಗೆಯುವವಳು ಅವಳು. ಬೆಳಿಗ್ಗೆ ಏಳೂವರೆ ಬಸ್ಸಿಗೆ ಹೋದರೆ ಸಂಜೆ ಆರಕ್ಕೆ ವಾಪಸ್. ಮಗಳು ಬೆಂಗಳೂರಿನ ಸಂಶೋಧನಾ ಸಂಸ್ಥೆಯಲ್ಲಿ ಆರು ವರ್ಷದಿಂದ ಏನೋ ಗಡಿಯಾರ ಮಾಡುತ್ತಿದ್ದಾಳೆ, ಅದು ಇನ್ನೇನು ಮುಗಿಯುವ ಹಂತಕ್ಕೆ ಬಂದಿದೆ ಎನ್ನುವುದಷ್ಟೇ ಅವಳಿಗೆ ಗೊತ್ತಿದ್ದದ್ದು.

ನವೆಂಬರ್ ಕೊನೆಯ ಭಾನುವಾರ ಸಂಘಮಿತ್ರ ಮನೆಗೆ ಬಂದಳು. ಹೊಸ ಅವರೆಕಾಯಿ ಬಂದಿತ್ತು. ನಡುಮನೆಯಲ್ಲಿ ಎಲ್ಲರೂ ಕೂತು ಕಾಯಿ ಸುಲಿಯುತ್ತಿದ್ದಾಗ ಅವಳು ಬಾಂಬು ಹಾಕಿದಳು.

“ಅಪ್ಪ, ನಮ್ಮ ಗಡಿಯಾರದ ಕೊನೇ ಓಟ ನವೆಂಬರಲ್ಲಿ ಆಗ್ಬೇಕಿತ್ತು. ಪಂಪ್ ಕೆಟ್ಟೋಯ್ತು. ಈಗ ಡಿಸೆಂಬರ್ ಇಪ್ಪತ್ತಾರಕ್ಕೆ ಶುರು. ಹದಿನಾಲ್ಕು ದಿನ ನಿಲ್ಲಂಗಿಲ್ಲ.”

ಕೊಂಡಪ್ಪ ಬೆರಳು ಮಡಿಸಿದ. “ಅಂದ್ರೆ ಜನವರಿ ಎಂಟರ ತನಕ. ಮದುವೆ ನಾಲ್ಕಕ್ಕೆ.”

“ಗೊತ್ತಪ್ಪ.”

“ಗೊತ್ತಿದ್ರೆ ಮುಂದಕ್ಕೆ ಹಾಕು.”

“ಆಗಲ್ಲ. ಇನ್ನೊಂದು ಊರಿನ ಗಡಿಯಾರದ ಜೊತೆ ಹೋಲಿಸಿ ನೋಡ್ಬೇಕು, ಆ ಊರಿಗೆ ಹೋಗೋ ಕೇಬಲ್ ಲೈನ್ ನಮಗೆ ಕೊಟ್ಟಿರೋದೇ ಆ ಹದಿನಾಲ್ಕು ದಿನ. ಫೆಬ್ರವರಿಗೆ ನಮ್ಮ ಲ್ಯಾಬೇ ಬೇರೆ ಬಿಲ್ಡಿಂಗಿಗೆ ಹೋಗತ್ತೆ. ಎಲ್ಲಾ ಬಿಚ್ಚಾಕ್ತಾರೆ. ಈಗ ತಪ್ಪಿದ್ರೆ ಮತ್ತೆ ಕಟ್ಟೋಕೆ ಎರಡು ವರ್ಷ. ನೀನೇ ಮದುವೆ ಮುಂದಕ್ಕೆ ಹಾಕಪ್ಪ, ನಿಂಗೆ ಮುಹೂರ್ತ ಗಿಹೂರ್ತ ಇಲ್ವಲ್ಲ.”

“ಸಂಕ್ರಾಂತಿ ಕಳೆದ್ರೆ ಮೇ ತಿಂಗಳ ತನಕ ಒಂದು ಛತ್ರ ಸಿಗಲ್ಲ ಕಣೇ! ಊರೋರಿಗೆಲ್ಲ ಮುಹೂರ್ತ ಇದೆಯಲ್ಲ!”

ಮೂಲೆಯಲ್ಲಿ ಕೂತಿದ್ದ ಕೊಂಡಪ್ಪನ ತಾಯಿ ಚಿಕ್ಕವೆಂಕಟಮ್ಮನಿಗೆ ಎಂಬತ್ತು ದಾಟಿತ್ತು. ಬಾಯಿಗೆ ತೆಲುಗು, ಕನ್ನಡ ಎರಡೂ ಒಟ್ಟಿಗೇ ಬರುತ್ತಿದ್ದವು.

“ಅಮ್ಮಾಯಿ, ಆ ಗಡಿಯಾರ ಎಷ್ಟು ಗಂಟೆ ಅಂತ ತೋರಿಸ್ತದೆ?”

“ಗಂಟೆ ತೋರ್ಸಲ್ಲ ಅಜ್ಜಿ.”

“ಏಂದೇ ಇದಿ? ಗಂಟೆ ತೋರಿಸ್ದೆ ಇರೋದಕ್ಕೆ ಆರು ವರ್ಷ ಬೇಕಾಯ್ತಾ?”

ಸುನೀಲ್ ನಕ್ಕುಬಿಟ್ಟ. ಸಂಘಮಿತ್ರಳಿಗೂ ನಗು ಬಂತು. “ಒಂದು ಸೆಕೆಂಡ್ ಅಂದ್ರೆ ಎಷ್ಟು ಅಂತ ತೋರ್ಸತ್ತೆ ಅಜ್ಜಿ. ಸಾವಿರ ಕೋಟಿ ವರ್ಷ ಓಡಿದ್ರೂ ಒಂದು ಸೆಕೆಂಡ್ ಆಚೀಚೆ ಆಗಬಾರ್ದು.”

“ಅಷ್ಟು ವರ್ಷ ಯಾರು ಬದುಕಿರ್ತಾರೆ ನೋಡೋಕೆ?” ಎಂದು ಅಜ್ಜಿ ಮತ್ತೊಂದು ಕಾಯಿ ಸುಲಿದಳು.

ಕೊನೆಗೆ ಒಂದು ರಾಜಿ ಆಯಿತು. ಗಡಿಯಾರವನ್ನು ಬಲ್ಲವರು ಇಬ್ಬರೇ, ಸಂಘಮಿತ್ರ ಮತ್ತು ಅವಳ ಕಿರಿಯ ಸಹೋದ್ಯೋಗಿ ನರೇಂದ್ರ. ಮದುವೆಯ ದಿನ ನರೇಂದ್ರ ಕಾವಲು ಕೂರುವುದು, ಇವಳು ಬೆಳಿಗ್ಗೆ ಛತ್ರಕ್ಕೆ ಬಂದು, ಮಧ್ಯಾಹ್ನ ಮೇಲೂರಿಗೆ ಬಂದು ಬಾಗಿಲು ತಡೆದು, ಸಂಜೆ ವಾಪಸ್ ಹೋಗುವುದು. ಕೊಂಡಪ್ಪ ಗೊಣಗುತ್ತಲೇ ಒಪ್ಪಿದ. ಅವನ ಗೊಣಗಾಟವನ್ನು ಯಾರೂ ನಂಬಬೇಕಾಗಿರಲಿಲ್ಲ. ಬಸ್ ನಿಲ್ದಾಣದಲ್ಲಿದ್ದಾಗ ಕಂಡ ಕಂಡ ಕಂಡಕ್ಟರಿಗೆಲ್ಲ “ನನ್ನ ಮಗಳು ಗಡಿಯಾರದಲ್ಲಿ ಪಿಎಚ್‌ಡಿ ಮಾಡ್ತವಳೆ, ನೀನು ಇಪ್ಪತ್ತು ನಿಮಿಷ ಲೇಟು” ಎಂದು ಬೈಯುತ್ತಿದ್ದವನು ಅವನೇ.

ಡಿಸೆಂಬರ್ ಹೇಗೆ ಓಡಿತೋ ಗೊತ್ತಾಗಲಿಲ್ಲ. ಮದುವೆ ಮಾಡಿ ನೋಡು ಅಂತ ಸುಮ್ಮನೆ ಹೇಳಿದ್ದಾರಾ? ಮನೆಗೆ ಸುಣ್ಣ ಬಳಿಯಬೇಕು, ರಾಗಿ ಬೀಸಿಸಬೇಕು, ನೆಂಟರಿಗೆ ಸೀರೆ ತರಬೇಕು. ಲಕ್ಷ್ಮಿದೇವಮ್ಮ ಕೆಲಸ ಬಿಡದೆ ಎಲ್ಲವನ್ನೂ ಮಾಡಿದಳು. ಇಪ್ಪತ್ತಾರನೇ ತಾರೀಖು ಮಗಳಿಂದ ಫೋನ್ ಬಂತು. “ಅಮ್ಮ, ಶುರು ಮಾಡಿದ್ವಿ.” ಅಷ್ಟೇ. ಪ್ರತಿದಿನ ಸಂಜೆ “ಓಡ್ತಾ ಇದೆ” ಎಂದು ಒಂದು ಮೆಸೇಜು. ಸುನೀಲ್ ಅದನ್ನು ಓದಿ ಹೇಳುತ್ತಿದ್ದ.

ಆರನೇ ದಿನ ಮೆಸೇಜು ಬರಲಿಲ್ಲ. ಫೋನೇ ಬಂತು. ನರೇಂದ್ರ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ.

“ಅಮ್ಮ, ನಾನು ಬರೋಕಾಗಲ್ಲ ಅನ್ಸತ್ತೆ.”

ಫೋನಿನ ಸದ್ದು ದೊಡ್ಡದಾಗಿತ್ತು, ಕೊಂಡಪ್ಪನಿಗೂ ಕೇಳಿಸಿತು. ಕೈಯಲ್ಲಿದ್ದ ಮುದ್ದೆಯನ್ನು ತಟ್ಟೆಗೆ ಹಾಕಿದ.

“ಏನಂದ್ಲು? ಇರೋ ಒಬ್ಬ ಅಣ್ಣನ ಮದುವೆಗೆ ಬರಲ್ವಂತಾ? ನಾನು ಆ ರಾಮಲಕ್ಷ್ಮಮ್ಮಂಗೆ ಮಾತು ಕೊಟ್ಟಿದೀನಿ. ಕೊಟ್ಟ ಮಾತು ಅಂದ್ರೆ ಏನು ಅನ್ಕೊಂಡಿದಾಳೆ?”

“ಅಪ್ಪ, ನನ್ನ ಮಾತು ಕೇಳು…” ಎಂದಳು ಮಗಳು ಅತ್ತ ಕಡೆಯಿಂದ.

“ನಿನ್ನ ಮಾತು ಸಾಕು. ಮದುವೆಗೆ ಬರದಿದ್ರೆ ಈ ಮನೆಗೂ ಬರಬೇಡ!”

ಕೊಂಡಪ್ಪ ಫೋನ್ ಕಿತ್ತುಕೊಂಡು ಕಟ್ ಮಾಡಿದ. ಸುನೀಲ್ ತಟ್ಟೆಯ ಮುಂದಿನಿಂದ ಎದ್ದ. ಅವನು ಕೂಗಾಡುವವನಲ್ಲ. “ಅವಳ ಕಾಲೇಜ್ ಸೀಟಿಗೆ ಅಂತ ನಾನು ಡಿಪ್ಲೊಮಾ ಬಿಟ್ಟು ಮಂಡಿಗೆ ಸೇರ್ದೆ ಅಮ್ಮ. ಅದನ್ನ ಒಂದಿನಾನೂ ಎತ್ತಿ ಆಡಿಲ್ಲ. ಒಂದು ಬೆಳಿಗ್ಗೆ ಬರೋಕಾಗಲ್ವಾ ಅವಳಿಗೆ?” ಎಂದು ಕೈ ತೊಳೆಯಲು ಹೋದ. ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

“ನಾನು ಹೋಗಿ ಕರ್ಕೊಂಡು ಬರ್ತೀನಿ” ಎಂದಳು ಲಕ್ಷ್ಮಿದೇವಮ್ಮ. “ಕಿವಿ ಹಿಡಿದು ಕರ್ಕೊಂಡು ಬರ್ತೀನಿ, ನೋಡ್ತಿರಿ.”

ಶುಕ್ರವಾರ ಬೆಳಿಗ್ಗೆ ಡಬ್ಬಿಗೆ ಮುದ್ದೆ, ಅವರೆಕಾಳು ಸಾರು ಹಾಕಿಕೊಂಡು ಬೆಂಗಳೂರಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮಗಳಿಗೆ ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡಳು. ಗೇಟಿನಲ್ಲಿ ಹೆಸರು ಬರೆಸಿ ಒಳಗೆ ಹೋದರೆ ಕಟ್ಟಡವೆಲ್ಲ ಬಿಕೋ ಅನ್ನುತ್ತಿತ್ತು. ಹೊಸ ವರ್ಷದ ರಜೆಗೆ ಹಾಸ್ಟೆಲ್ಲೇ ಖಾಲಿಯಾಗಿತ್ತು. ಗೈಡ್ ಮೇಷ್ಟ್ರು ಇನ್ನೊಂದು ಊರಿನ ಗಡಿಯಾರದ ಮುಂದೆ ಕೂತಿದ್ದರು.

ಬಾಗಿಲು ತೆಗೆದ ಮಗಳನ್ನು ನೋಡಿ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು. ಕಣ್ಣು ಗುಳಿ ಬಿದ್ದಿತ್ತು. ತುಟಿ ಒಡೆದಿತ್ತು. ಎರಡು ದಿನದಿಂದ ಅರ್ಧ ಗಂಟೆ, ಮುಕ್ಕಾಲು ಗಂಟೆ ಅಂತ ಕುರ್ಚಿಯಲ್ಲೇ ತೂಕಡಿಸಿದ್ದಳು.

“ಮೊದಲು ಉಣ್ಣು” ಎಂದಳು ತಾಯಿ.

ಒಳಗೆ ತಿನ್ನುವಂತಿರಲಿಲ್ಲ. ಹೊಸಿಲ ಹತ್ತಿರ ನೆಲದ ಮೇಲೆ ಕೂತು, ಒಂದು ಕಣ್ಣು ಪರದೆಯ ಮೇಲಿಟ್ಟುಕೊಂಡೇ ಸಂಘಮಿತ್ರ ಗಬಗಬ ಉಂಡಳು. ಆಮೇಲೆ ತಾಯಿಯ ತಲೆಗೆ ನೀಲಿ ಟೋಪಿ ಹಾಕಿ, ಚಪ್ಪಲಿ ಬಿಡಿಸಿ, ಒಳಗಿನ ಗಾಜಿನ ಕಿಟಕಿಯ ಹತ್ತಿರ ಕರೆದೊಯ್ದಳು. ಮೇಜಿನ ತುಂಬ ಬೆರಳುದ್ದದ ಕನ್ನಡಿಗಳು, ಸಾವಿರಾರು ಇರಬೇಕು. ನಡುವೆ ಉಕ್ಕಿನ ಎರಡು ಪಾತ್ರೆ. ಒಂದರ ಗಾಜಿನ ಕಣ್ಣಿನೊಳಗೆ ಸಾಸಿವೆ ಕಾಳಿನಷ್ಟು ನೀಲಿ ಬೆಳಕು.

“ಅವೇ ಅಮ್ಮ, ಪರಮಾಣುಗಳು. ಸ್ಟ್ರಾಂಷಿಯಂ ಅಂತ ಒಂದು ಲೋಹ, ಅದನ್ನ ಕಾಯ್ಸಿ ಎಬ್ಬಿಸ್ತೀವಿ. ಹುಚ್ಚೆದ್ದು ಓಡ್ತಾವೆ. ಎದುರಿಂದ ಬೆಳಕು ಬಿಟ್ಟು ಬಿಟ್ಟು ನಿಧಾನ ಮಾಡ್ತೀವಿ. ನಿಂತ ಮೇಲೆ ಇನ್ನೊಂದು ಬೆಳಕಲ್ಲಿ ಅವುನ್ನ ಕೇಳ್ತೀವಿ, ನಿಮ್ಮ ತಾಳ ಎಷ್ಟು ಅಂತ. ಅದೇ ಗಡಿಯಾರ.”

“ಇದನ್ನ ನೀನೊಬ್ಬಳೇ ಮಾಡೋದಾ?”

“ಬೇರೆಯವರೂ ಮಾಡಿದಾರೆ. ಆದರೆ ಎಲ್ಲರದೂ ಒಂದೇ ಪಾತ್ರೆ. ತುಂಬಿಸ್ಕೊಬೇಕು, ಒಂದು ಸಲ ಕೇಳ್ಬೇಕು, ಅಷ್ಟಕ್ಕೇ ಅವು ಖರ್ಚಾಗೋಗ್ತಾವೆ. ಮತ್ತೆ ತುಂಬಿಸೋ ತನಕ ಗಡಿಯಾರ ಕಣ್ಣು ಮುಚ್ಚಿರತ್ತೆ. ಆ ಹೊತ್ತಲ್ಲಿ ಲೇಸರ್ ಎಲ್ಲಿಗೆ ಜಾರ್ತೋ ಗೊತ್ತಾಗಲ್ಲ. ನಮ್ದು ಎರಡು ಪಾತ್ರೆ. ಇದ್ರಲ್ಲಿ ತಯಾರು ಮಾಡ್ತಾನೇ ಇರೋದು, ಅದಕ್ಕೆ ಸಾಗಿಸ್ತಾನೇ ಇರೋದು. ಅಲ್ಲಿ ಯಾವತ್ತೂ ಖಾಲಿ ಆಗಂಗಿಲ್ಲ.”

ಲಕ್ಷ್ಮಿದೇವಮ್ಮ ಕಿಟಕಿಗೆ ಮೂಗು ತಾಗಿಸಿ ನಿಂತುಬಿಟ್ಟಳು. ಇಪ್ಪತ್ತಾರು ವರ್ಷದಿಂದ ಅವಳು ಮಾಡಿಕೊಂಡು ಬಂದದ್ದೇನು ಮತ್ತೆ? ಒಂದು ಬಾಣಲೆಯಲ್ಲಿ ರೇಷ್ಮೆಗೂಡು ಬೇಯಿಸಿ, ಎಳೆಯ ತುದಿ ಹುಡುಕಿ ಸಿದ್ಧವಾಗಿಟ್ಟುಕೊಳ್ಳುವುದು. ಇನ್ನೊಂದು ತೊಟ್ಟಿಯಲ್ಲಿ ಎಂಟು ಹತ್ತು ಗೂಡಿನ ಎಳೆ ಸೇರಿ ಒಂದು ನೂಲಾಗಿ ರಾಟೆಗೆ ಸುತ್ತಿಕೊಳ್ಳುತ್ತಿರುತ್ತದೆ. ಒಂದು ಗೂಡು ಮುಗಿಯಿತೋ, ನೂಲು ಸಪೂರವಾಗುತ್ತದೆ. ಅದು ಕಣ್ಣಿಗೆ ಕಂಡ ತಕ್ಷಣ ಹೊಸ ಗೂಡಿನ ತುದಿಯನ್ನು ಓಡುವ ನೂಲಿಗೇ ಬೆರಳಲ್ಲಿ ಚಿಮ್ಮಿ ಸೇರಿಸಬೇಕು. ರಾಟೆ ನಿಲ್ಲಿಸುವಂತಿಲ್ಲ. ನಿಂತು ಹೊರಟ ನೂಲಿಗೆ ಗಂಟು ತಪ್ಪಿದ್ದಲ್ಲ.

“ಅಲ್ಲ ಕಣೇ, ಇದು ನಮ್ಮ ಕೆಲಸಾನೇ! ಇಲ್ಲಿ ಬೇಯ್ಸೋದು, ಅಲ್ಲಿ ಬಿಚ್ಚೋದು!”

“ಮತ್ತೆ? ಸೀಟಿಗೆ ಇಂಟರ್‌ವ್ಯೂ ಮಾಡ್ದಾಗ ಐದು ಜನ ಪ್ರೊಫೆಸರುಗಳು ಕೂತಿದ್ರು. ನಿಲ್ಲದ ಗಡಿಯಾರ ಹೆಂಗೆ ಮಾಡ್ತೀಯ ಅಂತ ಕೇಳಿದ್ರು. ಬೋರ್ಡ್ ಮೇಲೆ ನಿನ್ನ ತೊಟ್ಟಿ ಬರೆದೆ, ಬಾಣಲೆ ಬರೆದೆ, ರಾಟೆ ಬರೆದೆ. ನಮ್ಮಮ್ಮ ದಿನಾ ಹಿಂಗೆ ಮಾಡ್ತಾರೆ ಅಂದೆ.”

“ಅಯ್ಯೋ! ಅಷ್ಟು ದೊಡ್ಡೋರ ಮುಂದೆ ಹಂಗಂದ್ಯಾ? ಅದಕ್ಕೆ ಏನಂದ್ರು?”

“ಸೀಟ್ ಕೊಟ್ರು.”

ಲಕ್ಷ್ಮಿದೇವಮ್ಮ ಬಿಸಿನೀರಿನಲ್ಲಿ ಬೆಂದು ಬೆಂದು ಬೆಳ್ಳಗಾಗಿದ್ದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಆರು ವರ್ಷದಲ್ಲಿ ಒಂದು ಸಲವೂ ಈ ಹುಡುಗಿ ಈ ಮಾತು ಹೇಳಿರಲಿಲ್ಲ. ಇವಳೂ ಕೇಳಿರಲಿಲ್ಲ.

“ಎರಡು ಗಂಟೆ ಮಲಗು. ನಾನು ನೋಡ್ಕೋತೀನಿ.”

“ನಿಂಗೆ ಗೊತ್ತಾಗಲ್ಲಮ್ಮ.”

“ಏನು ಗೊತ್ತಾಗಲ್ಲ? ಏನು ನೋಡ್ಬೇಕು ಹೇಳು.”

ಪರದೆಯ ಮೇಲೆ ಒಂದು ಹಸಿರು ಗೆರೆ ಎಡದಿಂದ ಬಲಕ್ಕೆ ಓಡುತ್ತಿತ್ತು. ಅದರ ಮೇಲೊಂದು ಕೆಳಗೊಂದು ಬಿಳಿ ಗೀಟು. ಗೆರೆ ಗೀಟನ್ನು ದಾಟಿದರೆ ಯಂತ್ರವೇ ಕೂಗುತ್ತದೆ, ಆದರೆ ಅಷ್ಟು ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಗೆರೆ ಬಾಗಲು ಶುರುವಾದಾಗಲೇ ಕಾಣಬೇಕು. ನಿನ್ನೆ ತೂಕಡಿಸಿ ಒಂದು ಸಲ ಕೂದಲೆಳೆಯಲ್ಲಿ ಉಳಿದಿತ್ತು. ಇಷ್ಟು ಹೇಳುವಷ್ಟರಲ್ಲಿ ಸಂಘಮಿತ್ರ ಚಾಪೆಯ ಮೇಲೆ ಉರುಳಿದ್ದಳು.

ಲಕ್ಷ್ಮಿದೇವಮ್ಮ ಎವೆಯಿಕ್ಕದೆ ಕೂತಳು. ಎರಡು ಗಂಟೆಯಲ್ಲಿ ಎರಡು ಸಲ ಗೆರೆ ಬಾಗಿತು. ಎರಡು ಸಲವೂ ಯಂತ್ರ ಕೂಗುವ ಮೊದಲೇ ಮಗಳನ್ನು ತಟ್ಟಿ ಎಬ್ಬಿಸಿದಳು. ಸಂಘಮಿತ್ರ ಎದ್ದು, ಯಂತ್ರದ ಒಂದು ತಿರುಪನ್ನು ಬೆರಳ ತುದಿಯಲ್ಲಿ ಅಷ್ಟೋ ಇಷ್ಟೋ ತಿರುಗಿಸಿ, ಗೆರೆ ನೆಟ್ಟಗಾದ ಮೇಲೆ ಮತ್ತೆ ಬಿದ್ದುಕೊಂಡಳು. ಆ ಬೆರಳಿನ ನಾಜೂಕು ನೋಡಿ ತಾಯಿ ಮನಸ್ಸಿನಲ್ಲೇ ಭೇಷ್ ಎಂದಳು.

ಹೊರಡುವ ಹೊತ್ತಿಗೆ ಮಗಳೇ ಮಾತೆತ್ತಿದಳು.

“ನೀನು ಯಾಕೆ ಬಂದೆ ಅಂತ ಗೊತ್ತಮ್ಮ. ಅಪ್ಪನ ಮಾತಿಗೆ ಬರಲ್ಲ. ಆದರೆ ಅಣ್ಣ ನನಗೋಸ್ಕರ ಏನು ಬಿಟ್ಟ ಅಂತ ನಂಗೆ ಮರೆತಿಲ್ಲ. ನೀನು ಬಾ ಅಂದ್ರೆ ಈಗ್ಲೇ ಸ್ವಿಚ್ ಆರ್ಸಿ ಬರ್ತೀನಿ. ಹೇಳು.”

ಇಂಥ ಪ್ರಶ್ನೆಯನ್ನು ತಾಯಿಗೆ ಕೇಳಬಾರದು. ಅತ್ತ ದರಿ, ಇತ್ತ ಪುಲಿ. ಲಕ್ಷ್ಮಿದೇವಮ್ಮ ಖಾಲಿ ಡಬ್ಬಿಯ ಮುಚ್ಚಳ ತಿರುಗಿಸಿ ಬಿಗಿದಳು.

“ಆರಿಸ್ಬೇಡ” ಎಂದಳು. “ಮನೇಲಿ ನಾನು ಹೇಳ್ಕೋತೀನಿ.”

ಹೇಳಿಕೊಳ್ಳುವುದು ಅಷ್ಟು ಸುಲಭವೇ? ಸಂಜೆ ಮನೆಗೆ ಬಂದರೆ ರಾಮಲಕ್ಷ್ಮಮ್ಮ ಮತ್ತು ರೂಪ ಇಬ್ಬರೂ ನಡುಮನೆಯಲ್ಲಿ ಕೂತಿದ್ದರು. ಬಟ್ಟೆಯ ವಿಷಯ ಮಾತಾಡಲು ಬಂದವರು. ಕೊಂಡಪ್ಪ ಬಾಗಿಲ ಕಡೆ ನೋಡಿದ.

“ಎಲ್ಲಿ ಅವಳು?”

“ಬರಲ್ಲ. ನಾನೇ ಬರಬೇಡ ಅಂದೆ.”

“ನೀನಾ? ಕಿವಿ ಹಿಡಿದು ಕರ್ಕೊಂಡು ಬರ್ತೀನಿ ಅಂದೋಳು?”

“ಹೂಂ, ನಾನೇ. ನೋಡ್ಕೊಂಡು ಬಂದೆ, ಗೊತ್ತಾಯ್ತು. ಎಂಟು ದಿನದಿಂದ ಓಡ್ತಿರೋ ನೂಲನ್ನ ನಿಲ್ಲಿಸು ಅನ್ನೋಕೆ ನನಗೆ ಬಾಯಿ ಬರಲಿಲ್ಲ.” ಆಮೇಲೆ ಎರಡು ಪಾತ್ರೆ, ಹಸಿರು ಗೆರೆ, ತಾನು ಕಾವಲು ಕೂತದ್ದು, ಮಗಳು ಚಾಪೆಯ ಮೇಲೆ ಬಿದ್ದುಕೊಂಡದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಐದು ಜನ ಪ್ರೊಫೆಸರುಗಳ ಮಾತನ್ನು ಮಾತ್ರ ಹೇಳಲಿಲ್ಲ. ಅದು ಅವಳದು.

ರಾಮಲಕ್ಷ್ಮಮ್ಮ ಮುಖ ಗಂಟಿಕ್ಕಿದಳು. “ಅಂದ್ರೆ ಬಾಗಿಲು ತಡೆಯೋರಿಲ್ಲ. ಧನುರ್ಮಾಸ ಅಂದಾಗಲೇ ನನ್ನ ಬಲಗಣ್ಣು… ಬಿಡಿ, ನಾನ್ಯಾಕೆ ಹೇಳ್ಲಿ. ನಾಳೆ ನಮ್ಮ ಕಡೆಯೋರು ಕೇಳಿದ್ರೆ, ನಾದಿನಿಗೆ ಗಡಿಯಾರ ನೋಡೋ ಕೆಲಸ ಇತ್ತು ಅನ್ನಲಾ?”

“ಚಿಕ್ಕಪ್ಪನ ಮಗಳಿದಾಳೆ, ಅವಳು ತಡೀಲಿ” ಎಂದ ಸುನೀಲ್ ಸಣ್ಣ ದನಿಯಲ್ಲಿ.

“ಒಡಹುಟ್ಟಿದೋಳು ಜೀವಂತ ಇರೋವಾಗ ಇನ್ನೊಬ್ಬಳಾ? ಬಿಡ್ತು ಅನ್ನಪ್ಪ!”

ಕೊಂಡಪ್ಪ ತಲೆ ತಗ್ಗಿಸಿ ಕೂತ. ಮಾತು ಕೊಟ್ಟವನು ಅವನು. ರೂಪ ಆಗ ಬಾಯಿ ತೆರೆದಳು.

“ಅತ್ತೆ, ನಮ್ಮ ಫ್ಯಾಕ್ಟರಿ ಕುಲುಮೆ ಹಚ್ಚಿ ಒಂಬತ್ತು ವರ್ಷ ಆಯ್ತು. ಒಂದಿನಾನೂ ಆರ್ಸಿಲ್ಲ. ಆರ್ಸಿದ್ರೆ ಒಳಗೆ ಗಾಜು ಗಟ್ಟಿಯಾಗಿ ಕುಲುಮೇನೇ ಒಡೆದೋಗತ್ತೆ. ಹಬ್ಬಕ್ಕೂ ಯಾರಾದರೂ ಒಬ್ರು ಇರ್ಲೇಬೇಕು. ಹೋದ ವರ್ಷ ನಿಮ್ಮ ಷಷ್ಟಿಪೂರ್ತಿಗೆ ನಾನು ಯಾಕೆ ಬರಲಿಲ್ಲ ಹೇಳಿ?”

“ಅದು ಬೇರೆ ಕಣೇ.”

“ಏನು ಬೇರೆ? ಅವರು ಬರೋಕಾಗಲ್ಲ, ಸರಿ. ನಾವು ಹೋಗೋಕಾಗತ್ತಲ್ಲ? ಗೌರಿಬಿದನೂರಿಂದ ಯಲಹಂಕಕ್ಕೆ ರೈಲಿದೆ. ತಾಳಿಯಾದ್ಮೇಲೆ ಮೊದಲು ಆ ಬಾಗಿಲಿಗೇ ಹೋಗಣ. ಅಲ್ಲೇ ತಡೀಲಿ.”

ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. ಮದುಮಗಳು ಇಷ್ಟು ಮಾತಾಡುವುದು ಉಂಟೇ? ಚಿಕ್ಕವೆಂಕಟಮ್ಮ ಮೂಲೆಯಿಂದ “ಪೋನಿ ಲೇ, ಹೋಗ್ಲಿ ಬಿಡು, ಬಾಗಿಲು ಎಲ್ಲಿದ್ರೇನು, ತಡೆಯೋ ಕೈ ನಮ್ಮದೇ ಅಲ್ವಾ” ಎಂದಳು. ಹಿರಿಯಳು ಅಂದ ಮೇಲೆ ರಾಮಲಕ್ಷ್ಮಮ್ಮ ಒಪ್ಪಲೇಬೇಕಾಯಿತು. ಲಕ್ಷ್ಮಿದೇವಮ್ಮ ಎದ್ದು ಸೊಸೆಯಾಗುವವಳಿಗೆ ಕಾಫಿ ಮಾಡಲು ಹೋದಳು. ಎರಡು ಚಮಚ ಸಕ್ಕರೆ ಜಾಸ್ತಿಯೇ ಹಾಕಿದಳು.

ಭಾನುವಾರ ಬೆಳಿಗ್ಗೆ ಛತ್ರದಲ್ಲಿ ತ್ರಿಸರಣ, ಪಂಚಶೀಲ ಹೇಳಿ, ಹಾರ ಬದಲಾಯಿಸಿ, ತಾಳಿ ಕಟ್ಟಿ, ಹನ್ನೊಂದಕ್ಕೆಲ್ಲ ಮದುವೆ ಮುಗಿಯಿತು. ಊಟವಾದ ಮೇಲೆ ಅಜ್ಜಿಯನ್ನು ನೆಂಟರ ಜೊತೆ ಮೇಲೂರಿಗೆ ಕಳಿಸಿ, ಮದುಮಕ್ಕಳು, ಕೊಂಡಪ್ಪ, ಲಕ್ಷ್ಮಿದೇವಮ್ಮ, ರಾಮಲಕ್ಷ್ಮಮ್ಮ ರೈಲು ಹತ್ತಿದರು. ಡಬ್ಬಿಯ ಜನರೆಲ್ಲ ಹಾರ ಹಾಕಿಕೊಂಡ ಜೋಡಿಯನ್ನು ನೋಡಿದ್ದೇ ನೋಡಿದ್ದು. ಕೊಂಡಪ್ಪ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತ ಕೂತಿದ್ದ. ಆ ಫೋನಿನ ದಿನದಿಂದ ಮಗಳ ಹತ್ತಿರ ಒಂದು ಮಾತೂ ಆಡಿರಲಿಲ್ಲ.

ಯಲಹಂಕದಲ್ಲಿ ಇಳಿದು ಲ್ಯಾಬಿಗೆ ಹೋದರೆ, ಸಂಘಮಿತ್ರ ಪ್ಯಾಂಟಿನ ಮೇಲೆ ಹಸಿರು ರೇಷ್ಮೆ ಶಾಲೊಂದನ್ನು ಹೊದ್ದು, ತಲೆಗೆ ನೀಲಿ ಟೋಪಿ ಹಾಕಿಕೊಂಡು ಬಾಗಿಲಿಗೆ ಅಡ್ಡ ನಿಂತಿದ್ದಳು. ಅಣ್ಣನನ್ನು ಕಂಡದ್ದೇ ಕಣ್ಣು ತುಂಬಿಕೊಂಡಿತು. ಸುನೀಲನದೂ ಅದೇ ಪಾಡು.

ರಾಮಲಕ್ಷ್ಮಮ್ಮ ಚೀಲದಿಂದ ಅಕ್ಕಿ ತುಂಬಿದ ಸೇರು ತೆಗೆದಳು. “ಬಲಗಾಲಲ್ಲಿ ಒದ್ದು ಒಳಗೆ ಬರಬೇಕು.”

“ಅಯ್ಯಯ್ಯೋ ಬೇಡ! ಒಂದು ಕಾಳು ಒಳಗೆ ಬಂದ್ರೂ ನನ್ನ ಆರು ವರ್ಷ ಮಣ್ಣುಪಾಲು!”

“ಹಂಗಾದ್ರೆ ಬೇಡ ತಾಯಿ” ಎಂದು ಆಯಮ್ಮ ಗಾಬರಿಯಿಂದ ಸೇರನ್ನು ಎದೆಗೆ ಅವುಚಿಕೊಂಡಳು.

ಸಂಘಮಿತ್ರ ಎರಡೂ ಕೈ ಚಾಚಿ ಬಾಗಿಲು ತಡೆದಳು. “ಯಾರು ನೀವು? ಹೆಸರು ಹೇಳಿದ್ರೆ ದಾರಿ.”

ರೂಪ ನಾಚಿಕೊಳ್ಳದೆ ಹಾಡಿನ ಹಾಗೆ ಹೇಳಿದಳು: “ಬೇಸಿಗೆಗೆ ಮಾವಿನಹಣ್ಣು, ಚಳಿಗೆ ಕಡ್ಲೆಕಾಯಿ, ಸುನೀಲ್ ಕೈ ಹಿಡ್ಕೊಂಡು ಬಂದಿದೀನಿ, ದಾರಿ ಬಿಡು ತಾಯಿ!”

“ಹೆಣ್ಣು ಹುಟ್ಟಿದ್ರೆ ನನಗೆ…” ಎಂದು ಸಂಘಮಿತ್ರ ಬಾಯಿ ತೆರೆಯುತ್ತಿದ್ದಂತೆ, “ಗೆರೆ ಬಾಗ್ತಿದೆ!” ಎಂದು ಕೂಗಿದಳು ಲಕ್ಷ್ಮಿದೇವಮ್ಮ. ಅವಳ ಕಣ್ಣು ಮೊದಲಿನಿಂದಲೂ ಒಳಗಿನ ಪರದೆಯ ಮೇಲೇ ಇತ್ತು.

ಸಂಘಮಿತ್ರ ಶಾಲು ಎಸೆದು ಒಳಗೆ ಹಾರಿದಳು. “ಯಾರೂ ಅಲ್ಲಾಡಬೇಡಿ!”

ಐದು ಜನ ಹೊಸಿಲಾಚೆ ಕಲ್ಲಾಗಿ ನಿಂತರು. ಹಸಿರು ಗೆರೆ ಕೆಳಗಿನ ಗೀಟಿನ ಕಡೆ ಇಳಿಯುತ್ತಲೇ ಇತ್ತು. ಸಂಘಮಿತ್ರ ಒಂದು ತಿರುಪು ತಿರುಗಿಸಿದಳು, ಆಗಲಿಲ್ಲ. ಎರಡನೆಯದನ್ನು ಮುಟ್ಟಿದಳು. ಕೈಯನ್ನು ಒಂದು ಸಲ ಒದರಿ, ಉಸಿರು ಬಿಟ್ಟು, ಮತ್ತೆ ಮುಟ್ಟಿದಳು. ಗೆರೆ ಗೀಟಿನ ನೆತ್ತಿಯ ಮೇಲೆ ತೂಗಾಡಿ, ನಿಂತು, ಮೆಲ್ಲಗೆ ಮೇಲಕ್ಕೆದ್ದಿತು. ಯಂತ್ರ ಕೂಗಲಿಲ್ಲ. ಕೊಂಡಪ್ಪ ತನ್ನ ಕೈಗಡಿಯಾರದಿಂದ ಕಣ್ಣೆತ್ತಿ “ಐವತ್ತೆರಡು ಸೆಕೆಂಡು” ಎಂದ. ಯಾರೂ ಕೇಳಿರಲಿಲ್ಲ.

“ಇದನ್ನ ಇವಳು ಹತ್ತು ದಿನದಿಂದ ಮಾಡ್ತಿದಾಳಾ?” ಎಂದು ರಾಮಲಕ್ಷ್ಮಮ್ಮ ಪಿಸುಗುಟ್ಟಿದಳು. “ಇದಕ್ಕಿಂತ ಹೆಣ್ಣು ಹೆರೋದು ಸುಲಭ ಕಣಮ್ಮ.”

ಸಂಘಮಿತ್ರ ಬಾಗಿಲಿಗೆ ವಾಪಸ್ ಬಂದು ಗೋಡೆ ಹಿಡಿದು ನಿಂತಳು. “ಎಲ್ಲಿಗೆ ನಿಂತಿತ್ತು?”

“ಹೆಣ್ಣು ಹುಟ್ಟಿದ್ರೆ” ಎಂದಳು ರೂಪ.

“ಹಾಂ. ಹೆಣ್ಣು ಹುಟ್ಟಿದ್ರೆ ನನ್ನ ಗಡಿಯಾರಕ್ಕೆ ಕಳಿಸ್ತೀಯಾ?”

“ಕಳಿಸ್ತೀನಿ. ಆದರೆ ವಾರಕ್ಕೊಂದು ರಜೆ ಕೊಡಬೇಕು.”

ಎಲ್ಲರೂ ನಕ್ಕರು. ಸುನೀಲ್ ತಂಗಿಯ ತಲೆಯ ಮೇಲಿನ ಟೋಪಿ ಸರಿಮಾಡಿ, “ನನ್ನ ಮದುವೆ ಊಟ ತಂದಿದೀನಿ, ತಿನ್ನು” ಎಂದ. ಲಕ್ಷ್ಮಿದೇವಮ್ಮನಿಗೆ ಮಾತ್ರ ನಗು ಬರಲಿಲ್ಲ. ಇನ್ನೂ ನಾಲ್ಕು ದಿನ ಬಾಕಿ. ಈ ಹುಡುಗಿ ನಿಂತಲ್ಲೇ ಬೀಳುವ ಹಾಗಿದ್ದಾಳೆ. ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳಬೇಕಾದವಳು ತಾನು, ನಾಳೆ ಬೀಗರ ಊಟ ಬೇರೆ. ಹಾಳಾಗಿ ಹೋಗಲಿ, ನಾನು ಇಲ್ಲೇ ಇದ್ದುಬಿಡುತ್ತೇನೆ ಎಂದು ಬಾಯಿ ತೆರೆಯುವಷ್ಟರಲ್ಲಿ ಕೊಂಡಪ್ಪ ಬಗ್ಗಿ ಚಪ್ಪಲಿ ಬಿಚ್ಚುತ್ತಿದ್ದ.

“ನೀವು ಹೊರಡಿ. ಐದೂಕಾಲಿಗೆ ಬಸ್ಸಿದೆ” ಎಂದ.

“ನೀವು?”

“ಗೆರೆ ಬಾಗಿದ್ರೆ ಎಬ್ಬಿಸ್ಬೇಕು. ಅಷ್ಟೇ ತಾನೇ ನೀನು ಹೇಳಿದ್ದು?” ಮಗಳ ಮುಖ ನೋಡದೆ, ಮದುವೆಯ ಹೊಸ ಅಂಗಿಯ ತೋಳು ಮಡಿಸುತ್ತ ಒಳಗೆ ಬಂದು ಕುರ್ಚಿ ಎಳೆದುಕೊಂಡ. “ಟೋಪಿ ಎಲ್ಲಿ? ಒಂದು ನೋಟ್‌ಬುಕ್ಕು ಕೊಡು. ಬಾಗಿದ್ದು ಎಷ್ಟಕ್ಕೆ, ಎದ್ದಿದ್ದು ಎಷ್ಟಕ್ಕೆ, ಬರೀತೀನಿ. ಇನ್ನೇನು ನಿಂತಿದೀಯ? ಮಲಗು ಹೋಗು.”

“ಅಪ್ಪ…”

“ಮಲಗು ಅಂದ್ನಲ್ಲ.”

ಸಂಘಮಿತ್ರ ನೋಟ್‌ಬುಕ್ಕು ಕೊಟ್ಟಳು. ಅವನ ತಲೆಗೆ ತಾನೇ ಟೋಪಿ ಹಾಕಿದಳು. ಲಕ್ಷ್ಮಿದೇವಮ್ಮ ಕಾರಿಡಾರಿನ ಕೊನೆಯಲ್ಲಿ ತಿರುಗಿ ನೋಡಿದಾಗ ಮಗಳು ಅಪ್ಪನ ಕುರ್ಚಿಯ ಪಕ್ಕದಲ್ಲೇ ಚಾಪೆ ಹಾಸಿಕೊಳ್ಳುತ್ತಿದ್ದಳು.

ಆಮೇಲೆ ನಾಲ್ಕು ದಿನ ಊರಿನವರಿಗೆ ಉತ್ತರ ಹೇಳಿ ಹೇಳಿ ಸಾಕಾಯಿತು. ಬೀಗರ ಊಟಕ್ಕೆ ಗಂಡಿನ ಅಪ್ಪನೇ ಇಲ್ಲ! “ಡ್ಯೂಟಿ ಮೇಲೆ ಹೋಗವ್ರೆ” ಎಂದಳು ಲಕ್ಷ್ಮಿದೇವಮ್ಮ. ಬಂದವರಿಗೆಲ್ಲ ಬಡಿಸುತ್ತ ರಾಮಲಕ್ಷ್ಮಮ್ಮನೇ ಆ ಡ್ಯೂಟಿಯ ಕಥೆಯನ್ನು ಕೈ ತಿರುಗಿಸಿ ತಿರುಗಿಸಿ ಹೇಳಿದಳು.

ಗುರುವಾರ ಲಕ್ಷ್ಮಿದೇವಮ್ಮ ಘಟಕದಲ್ಲಿ ತೊಟ್ಟಿಯ ಮುಂದೆ ಕೂತಿದ್ದಾಗ ಫೋನ್ ಹೊಡೆದುಕೊಂಡಿತು. ಎರಡೂ ಕೈ ಬಿಸಿನೀರಿನಲ್ಲಿದ್ದವು. ಸಾದಿಕ್ ಪಾಷಾ ಅವರ ಹೆಂಡತಿ ಬಿಸ್ಮಿಲ್ಲಾ ಬೀ ಓಡಿ ಬಂದು ಫೋನನ್ನು ಅವಳ ಕಿವಿಗೆ ಹಿಡಿದಳು.

“ಮುಗೀತು ಕಣೇ” ಎಂದ ಕೊಂಡಪ್ಪ. ದನಿ ಒಡೆದಿತ್ತು. “ಹದಿನಾಲ್ಕು ದಿನ ಆಯ್ತು. ಅವರ ಗೈಡ್ ಮೇಷ್ಟ್ರು ಫೋನಲ್ಲೇ ಅತ್ತುಬಿಟ್ರು. ಇವಳು ನಗ್ತಾ ಕೂತವಳೆ.”

“ಮಧ್ಯ ಎಲ್ಲೂ ನಿಲ್ಲಲಿಲ್ಲ ತಾನೇ?” ಎಂದು ಲಕ್ಷ್ಮಿದೇವಮ್ಮ ಜೀವ ಕೈಯಲ್ಲಿ ಹಿಡಿದು ಕೇಳಿದಳು.

“ಎಲ್ಲೇ ನಿಲ್ಲತ್ತೆ! ನಾನು ಕೂತಿರ್ಲಿಲ್ವಾ?”